ಹೊತ್ತು ತಪ್ಪಿದ ಗಣಕಯಂತ್ರ

ಗೋಡೆಯ ಗಡಿಯಾರವು ನಿಂತುಹೋದರೆ ಮನೆಯ ಕೆಲಸವೇನೂ ನಿಲ್ಲುವುದಿಲ್ಲ. ನೆರೆಮನೆಯವರನ್ನು ಕೇಳಿಯೋ, ಶಾಲೆಯ ಗಂಟೆಯನ್ನು ಆಲಿಸಿಯೋ, ಬಿಸಿಲು ಅಂಗಳದಲ್ಲಿ ಎಲ್ಲಿಗೆ ಬಂದಿದೆಯೆಂದು ನೋಡಿಯೋ ನಾವು ಹೊತ್ತನ್ನು ಅಂದಾಜು ಮಾಡಿಕೊಳ್ಳುತ್ತೇವೆ. ಗಣಕಯಂತ್ರದ ಮಾತು ಹಾಗಲ್ಲ. ಅದರ ಒಡಲಲ್ಲಿ ಒಂದು ಪುಟ್ಟ ಗಡಿಯಾರವಿದೆ. ಆ ಗಡಿಯಾರವು ಹೊತ್ತು ತಪ್ಪಿದರೆ, ಯಂತ್ರದ ಉಳಿದ ಅಂಗಗಳೆಲ್ಲವೂ ಸುಸ್ಥಿತಿಯಲ್ಲಿದ್ದರೂ ಅದು ಪೂರ್ಣವಾಗಿ ಎಚ್ಚರಗೊಳ್ಳದೆ, ಕಪ್ಪು ತೆರೆಯನ್ನು ತೋರಿಸಿಕೊಂಡು ನಿಂತುಬಿಡಬಹುದು. ನೋಡಿದವರು ಯಂತ್ರವೇ ಕೆಟ್ಟಿತೆಂದು ಭಾವಿಸುವುದು ಸಹಜ. ಇಂತಹ ಒಂದು ಪ್ರಸಂಗವನ್ನು ನಾವು ಕಣ್ಣಾರೆ ಕಂಡೆವು. ಅದರಿಂದ ಕಲಿತುದನ್ನು ನಮ್ಮ ವಿದ್ಯಾರ್ಥಿಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಲ್ಕಾಜ್‌ಗಿರಿಯ ರೈಲು ನಿಲ್ದಾಣಕ್ಕೆ ಸಮೀಪದ ಬೀದಿಯೊಂದರಲ್ಲಿ, ಕಲಬುರಗಿಯ ಕಡೆಯಿಂದ ಬಂದು ನೆಲೆಸಿದ ಕನ್ನಡ ಕುಟುಂಬವೊಂದಿದೆ. ಮನೆಯ ಹಿರಿಯರು ಸೇವೆಯಿಂದ ನಿವೃತ್ತರಾದ ಮೇಲೆ, ತಮ್ಮ ಊರಿನ ಗಾದೆಮಾತುಗಳನ್ನೂ ಬೀಸುವ ಪದಗಳನ್ನೂ ಒಂದೊಂದಾಗಿ ನೆನಪಿಸಿಕೊಂಡು, ಹಳೆಯ ಕಂಪ್ಯೂಟರೊಂದರಲ್ಲಿ ಬೆರಳಚ್ಚು ಮಾಡಿ ಕೂಡಿಡುತ್ತ ಬಂದಿದ್ದರು. ಆ ಪದಗಳನ್ನು ಹಾಡುತ್ತಿದ್ದ ಅವರ ತಾಯಿಯಾಗಲಿ ಅತ್ತೆಯಾಗಲಿ ಈಗಿಲ್ಲ. ಆದುದರಿಂದ ಅವರ ಪಾಲಿಗೆ ಆ ಯಂತ್ರವು ಒಂದು ಹಗೇವಿನಂತಿತ್ತು. ಬಿತ್ತನೆಯ ಬೀಜವೆಲ್ಲ ಅದರೊಳಗೇ ಇದ್ದಿತು. ಬೇಸಗೆಯ ರಜೆಯಲ್ಲಿ ಮನೆಯವರೆಲ್ಲರೂ ಗೋಡೆಯ ಸ್ವಿಚ್ಚನ್ನು ಆರಿಸಿ ಊರಿಗೆ ಹೊರಟರು. ಒಂದೂವರೆ ತಿಂಗಳ ಮೇಲೆ ಹಿಂದಿರುಗಿ ಯಂತ್ರವನ್ನು ಹಚ್ಚಿದಾಗ, ಎಂದಿನ ಚಿತ್ರವು ಮೂಡಲಿಲ್ಲ. ಕಪ್ಪು ತೆರೆಯ ಮೇಲೆ ನಾಲ್ಕಾರು ಬಿಳಿಯ ಇಂಗ್ಲಿಷ್ ಸಾಲುಗಳು ಮೂಡಿ ಅಲ್ಲಿಗೇ ನಿಂತುವು.

ದುರಸ್ತಿಯ ಅಂಗಡಿಯೊಂದರಿಂದ ಬಂದವರು ತೆರೆಯನ್ನು ಒಮ್ಮೆ ನೋಡಿ, ಹಾರ್ಡ್ ಡಿಸ್ಕ್ ಹಾಳಾಗಿದೆ, ಅದರಲ್ಲಿರುವುದೆಲ್ಲವನ್ನೂ ಅಳಿಸಿ ಹೊಸದಾಗಿ ಎಲ್ಲವನ್ನೂ ತುಂಬಬೇಕು ಎಂದುಬಿಟ್ಟರು. ಹಿರಿಯರು ಮಾತಿಲ್ಲದೆ ಕುಳಿತರು. ಬೇರೊಂದು ಪ್ರತಿಯನ್ನು ತೆಗೆದಿಡುವ ಅಭ್ಯಾಸವು ಆ ಮನೆಯಲ್ಲಿ ಇರಲಿಲ್ಲ. ಮರುದಿನ ಬಂದು ಕೆಲಸವನ್ನು ಮುಗಿಸುವುದೆಂದು ನಿಶ್ಚಯವಾಯಿತು. ಆ ಸಂಜೆ ನಮಗೆ ಕರೆ ಬಂದಿತು. ನಾವು ಹೋಗುವಷ್ಟರಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಆ ಬಿಳಿಯ ಸಾಲುಗಳನ್ನು ನಿಘಂಟಿನ ಸಹಾಯದಿಂದ ಓದುತ್ತಿದ್ದಳು. ನಮ್ಮನ್ನು ಕಂಡವಳೇ, "ಮುತ್ಯಾ, ಇದು ಡಿಸ್ಕ್ ಕೆಟ್ಟದ ಅಂತ ಬರೆದಿಲ್ಲ. ಡಿಸ್ಕಿನ ಮ್ಯಾಲ ಬರೆದ ತಾರೀಖು ಇನ್ನೂ ಬಂದೇ ಇಲ್ಲ ಅಂತದ. ಇದರ ಪ್ರಕಾರ ಇವತ್ತು ೨೦೦೯ನೇ ಇಸ್ವಿ, ಜನವರಿ ಒಂದು!" ಎಂದಳು. ರೋಗದ ಮೂಲವು ಅಲ್ಲಿಯೇ ಅರ್ಧ ತಿಳಿದಂತಾಯಿತು. ಉಳಿದರ್ಧವನ್ನು ತಿಳಿಯಬೇಕಾದರೆ ಯಂತ್ರದ ಗಡಿಯಾರವು ಎಂತಹದೆಂಬುದನ್ನು ನಾವು ಮೊದಲು ಅರಿಯಬೇಕು.

ನಮ್ಮ ಹಿಂದಿನವರು ಹೊತ್ತನ್ನು ಘಟಿಕಾಪಾತ್ರೆಯಿಂದ ಅಳೆಯುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಡುವರು. ನೀರು ಒಳಗೆ ಸೇರಿ ಬಟ್ಟಲು ಮುಳುಗಿದರೆ ಒಂದು ಘಟಿಗೆ ಕಳೆದಂತೆ. ಅಂದರೆ ನಮ್ಮ ೨೪ ನಿಮಿಷ. ಅಂತಹ ೬೦ ಘಟಿಗೆಗಳಾದರೆ ಒಂದು ಹಗಲು, ಒಂದು ರಾತ್ರಿ. ಅರಮನೆಯಲ್ಲಿ ಎಲ್ಲರೂ ನಿದ್ರಿಸಿದರೂ ಬಟ್ಟಲನ್ನು ಕಾಯುವವನು ನಿದ್ರಿಸುವಂತಿರಲಿಲ್ಲ. ಬೆಳಗಾಗಿ ಎದ್ದವರು ಹೊತ್ತೆಷ್ಟೆಂದು ಅವನನ್ನೇ ಕೇಳಬೇಕಾಗಿದ್ದಿತು. ಅವನು ತೂಕಡಿಸಿ ಎರಡು ಬಟ್ಟಲನ್ನು ಲೆಕ್ಕ ತಪ್ಪಿಸಿದನೆಂದರೆ, ಪೂಜೆ, ಊಟ, ಕಾವಲಿನ ಬದಲಾವಣೆ ಎಲ್ಲವೂ ಅಷ್ಟರಮಟ್ಟಿಗೆ ತಪ್ಪುತ್ತಿದ್ದುವು.

ಗಣಕಯಂತ್ರದಲ್ಲಿಯೂ ಇಂತಹ ಒಬ್ಬ ಕಾವಲುಗಾರನಿದ್ದಾನೆ. ಯಂತ್ರವನ್ನು ಆರಿಸಿದಾಗ ಅದರ ಲೆಕ್ಕ ಮಾಡುವ ಭಾಗ, ನೆನಪಿನ ಭಾಗ, ಪಂಖ ಎಲ್ಲವೂ ನಿದ್ರೆಹೋಗುತ್ತವೆ. ಆದರೆ ಮದರ್ ಬೋರ್ಡ್ ಎಂಬ ಮುಖ್ಯ ಫಲಕದ ಮೇಲಿರುವ ಗಡಿಯಾರದ ಭಾಗವೊಂದು ಎಚ್ಚರವಾಗಿರುತ್ತದೆ. ಅದಕ್ಕೆ ಬೇಕಾಗುವ ವಿದ್ಯುತ್ತು ಅತ್ಯಲ್ಪ. ಆ ಅಲ್ಪವನ್ನು ಒದಗಿಸುವುದು ನಾಣ್ಯದ ಆಕಾರದ ಒಂದು ಲಿಥಿಯಮ್ ಸೆಲ್ಲು. ಬಹುತೇಕ ಮೇಜಿನ ಕಂಪ್ಯೂಟರುಗಳಲ್ಲಿ ಇದರ ಹೆಸರು ಸಿ.ಆರ್. ೨೦೩೨. ಈ ಅಂಕೆಗಳಲ್ಲಿ ಗುಟ್ಟೇನೂ ಇಲ್ಲ: ೨೦ ಮಿಲಿಮೀಟರು ಅಗಲ, ೩.೨ ಮಿಲಿಮೀಟರು ದಪ್ಪ. ಇದರ ಬಲ ೩ ವೋಲ್ಟು. ಕಾವಲುಗಾರನಿಗೆ ಕೊಡುವ ಪಡಿಯೇ ಇದು. ಪಡಿ ತೀರಿದ ದಿನ ಕಾವಲೂ ತೀರುತ್ತದೆ.

ಈ ಗಡಿಯಾರದಲ್ಲಿ ಬಟ್ಟಲಿನ ಬದಲು ಇರುವುದು ಕ್ವಾರ್ಟ್ಸ್ ಎಂಬ ಸ್ಫಟಿಕದ ಒಂದು ಚೂರು. ವಿದ್ಯುತ್ತು ತಾಕಿದಾಗ ಈ ಚೂರು ಒಂದು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಇಷ್ಟು ವಿಚಿತ್ರವಾದ ಸಂಖ್ಯೆಯನ್ನು ಏಕೆ ಆರಿಸಿದರೆಂದು ಕೇಳಬಹುದು. ಗಣಿತದ ಪುಸ್ತಕವನ್ನು ತೆರೆದು ಈ ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತ ಹೋಗಿರಿ: ೧೬,೩೮೪, ೮,೧೯೨, ೪,೦೯೬, ಹೀಗೆ ಹದಿನೈದು ಸಲ ಭಾಗಿಸಿದರೆ ಶೇಷವಿಲ್ಲದೆ ೧ ಉಳಿಯುತ್ತದೆ. ಎರಡರಿಂದ ಭಾಗಿಸುವುದು ವಿದ್ಯುನ್ಮಂಡಲಗಳಿಗೆ ಅತ್ಯಂತ ಸುಲಭವಾದ ಕೆಲಸ. ಆದುದರಿಂದ ಹದಿನೈದು ಮೆಟ್ಟಿಲುಗಳನ್ನು ಇಳಿದರೆ ಒಂದು ಸೆಕೆಂಡು ದೊರೆಯುತ್ತದೆ. ನಮ್ಮ ಕೈಗಡಿಯಾರಗಳಲ್ಲಿಯೂ ಇದೇ ಸ್ಫಟಿಕ, ಇದೇ ಲೆಕ್ಕ.

ಆದರೆ ಸ್ಫಟಿಕವೂ ದೋಷರಹಿತವಲ್ಲ. ಹತ್ತು ಲಕ್ಷದಲ್ಲಿ ಇಪ್ಪತ್ತು ಪಾಲಿನಷ್ಟು ತಪ್ಪುವುದು ಸಾಮಾನ್ಯ ಸ್ಫಟಿಕಗಳಿಗೆ ಸಹಜ. ದಿನಕ್ಕೆ ೮೬,೪೦೦ ಸೆಕೆಂಡುಗಳಾದುದರಿಂದ ಇದು ದಿನಕ್ಕೆ ಸುಮಾರು ಒಂದೂಮುಕ್ಕಾಲು ಸೆಕೆಂಡು. ವರ್ಷಕ್ಕೆ ಹತ್ತು ನಿಮಿಷಗಳಿಗೂ ಹೆಚ್ಚು. ಈ ಸ್ಫಟಿಕವು ೨೫ ಡಿಗ್ರಿಯ ಆಸುಪಾಸಿನಲ್ಲಿ ತನ್ನ ಅತ್ಯಧಿಕ ವೇಗದಲ್ಲಿ ನಡೆಯುವಂತೆ ಕತ್ತರಿಸಲ್ಪಟ್ಟಿರುತ್ತದೆ. ಚಳಿ ಹೆಚ್ಚಿದರೂ ನಿಧಾನ, ಸೆಕೆ ಹೆಚ್ಚಿದರೂ ನಿಧಾನ. ಮೇ ತಿಂಗಳಲ್ಲಿ ನಮ್ಮ ಹೈದರಾಬಾದಿನ ಬಿಸಿಲು ೪೦ ಡಿಗ್ರಿಯನ್ನು ದಾಟುವುದುಂಟು. ಕಾದ ಕೋಣೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಸ್ಫಟಿಕವು ೪೫ ಡಿಗ್ರಿಗೆ ಏರಿದರೆ, ಸೆಕೆಯೊಂದರಿಂದಲೇ ದಿನಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚಾಗಿ ಹಿಂದೆ ಬೀಳುತ್ತದೆ. ಇಷ್ಟರಿಂದ ಯಂತ್ರವು ನಿಲ್ಲುವುದಿಲ್ಲವೆಂಬುದು ನಿಜ. ಸೆಕೆಂಡುಗಳ ತಪ್ಪು ಸ್ಫಟಿಕದ್ದು. ವರ್ಷಗಳ ತಪ್ಪು ಸೆಲ್ಲಿನದು. ಈ ಭೇದವನ್ನು ನೆನಪಿಡುವುದು ಒಳ್ಳೆಯದು.

ಎಲ್ಲ ಕಾಲದಲ್ಲಿಯೂ ಗಣಕಯಂತ್ರಗಳಿಗೆ ಈ ಕಾವಲುಗಾರನಿರಲಿಲ್ಲ. ಮಲ್ಕಾಜ್‌ಗಿರಿಯಿಂದ ಸ್ವಲ್ಪ ದೂರದಲ್ಲಿ ನಾವು ಇ.ಸಿ.ಐ.ಎಲ್. ಎಂದು ಕರೆಯುವ ನಾಲ್ಕು ದಾರಿ ಕೂಡುವ ಸ್ಥಳವುಂಟಷ್ಟೆ. ಆ ಹೆಸರು ಬಂದದ್ದು ೧೯೬೭ರಲ್ಲಿ ಸ್ಥಾಪಿತವಾದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯಿಂದ. ಅದನ್ನು ಕಟ್ಟಿ ಬೆಳೆಸಿದ ಡಾಕ್ಟರ್ ಎ. ಎಸ್. ರಾವ್ ಅವರ ಹೆಸರಿನಲ್ಲಿಯೇ ಎ. ಎಸ್. ರಾವ್ ನಗರವಿದೆ. ಟಿ.ಡಿ.ಸಿ.–೧೨ ಎಂಬ ಸ್ವದೇಶೀ ಗಣಕಯಂತ್ರವು ೧೯೬೯ರಲ್ಲಿ ಈ ಸಂಸ್ಥೆಯಿಂದ ಹೊರಬಂದಿತು. ಆ ಕಾಲದ ಯಂತ್ರಗಳನ್ನು ನಡೆಸುವವರು ದಿನಾಂಕವನ್ನು ತಾವೇ ತಿಳಿಸುವುದು ವಾಡಿಕೆಯಾಗಿತ್ತು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೇಜಿನ ಕಂಪ್ಯೂಟರು ಕೂಡ ಹಚ್ಚಿದಾಗಲೆಲ್ಲ ಇಂದಿನ ತಾರೀಖು ಯಾವುದು, ಗಂಟೆ ಎಷ್ಟು ಎಂದು ಒಡೆಯನನ್ನೇ ಕೇಳುತ್ತಿತ್ತು. ೧೯೮೪ರಲ್ಲಿ ಅದೇ ಸಂಸ್ಥೆಯ ಎ.ಟಿ. ಎಂಬ ಮಾದರಿಯಲ್ಲಿ ಸೆಲ್ಲಿನಿಂದ ನಡೆಯುವ ಗಡಿಯಾರವನ್ನು ಫಲಕದ ಮೇಲೆಯೇ ಕೂಡಿಸಿದರು. ಅಂದಿನಿಂದ ಯಂತ್ರವು ನಮ್ಮನ್ನು ಕೇಳುವುದನ್ನು ಬಿಟ್ಟು ತನ್ನ ಗಡಿಯಾರವನ್ನು ನಂಬಲು ಕಲಿತಿತು. ನಂಬಿದವರಿಗೆ ನಂಬಿಕೆಯಿಂದಲೇ ಕಷ್ಟ ಬರುವುದೂ ಉಂಟು.

ಈಗ ಮಲ್ಕಾಜ್‌ಗಿರಿಯ ಆ ಮನೆಗೆ ಹಿಂದಿರುಗೋಣ. ಯಂತ್ರವು ಹಳೆಯದು, ಅದರೊಳಗಿನ ಲಿನಕ್ಸ್ ವ್ಯವಸ್ಥೆಯೂ ಹಳೆಯದು. ಗೋಡೆಯ ವಿದ್ಯುತ್ತು ಇದ್ದಾಗ ಫಲಕವು ಗಡಿಯಾರಕ್ಕೆ ಬೇಕಾದುದನ್ನು ಆ ವಿದ್ಯುತ್ತಿನಿಂದಲೇ ಕೊಟ್ಟು ಸೆಲ್ಲನ್ನು ಉಳಿಸುತ್ತದೆ. ಸ್ವಿಚ್ಚನ್ನು ಪೂರ್ತಿಯಾಗಿ ಆರಿಸಿದಾಗ ಸೆಲ್ಲೊಂದೇ ಆಧಾರ. ಮೊದಲೇ ಬಳಲಿದ್ದ ಸೆಲ್ಲು ಆ ಒಂದೂವರೆ ತಿಂಗಳಲ್ಲಿ ಪೂರ್ತಿ ಸೋತಿತು. ಗಡಿಯಾರವು ನಿಂತು, ಮತ್ತೆ ವಿದ್ಯುತ್ತು ಬಂದಾಗ ಫಲಕವನ್ನು ತಯಾರಿಸಿದವರು ಆರಂಭಕ್ಕೆಂದು ಇಟ್ಟ ದಿನಾಂಕಕ್ಕೆ ಹೋಗಿ ನಿಂತಿತು. ಆ ದಿನಾಂಕವೇ ೨೦೦೯ರ ಜನವರಿ ೧. ಲಿನಕ್ಸ್ ವ್ಯವಸ್ಥೆಯು ಏಳುವಾಗ ಹಾರ್ಡ್ ಡಿಸ್ಕನ್ನು ಒಮ್ಮೆ ಪರೀಕ್ಷಿಸುವ ಪದ್ಧತಿಯುಂಟು. ಡಿಸ್ಕಿನ ಮೊದಲ ಭಾಗದಲ್ಲಿ, ಅದನ್ನು ಕೊನೆಯ ಬಾರಿ ಬಳಸಿದುದು ಯಾವಾಗ ಎಂಬುದು ಬರೆದಿರುತ್ತದೆ. ಪರೀಕ್ಷಿಸುವ ಕ್ರಮವಿಧಿಯು ಅದನ್ನು ಓದಿ ಗಡಿಯಾರವನ್ನು ನೋಡಿತು. ಕೊನೆಯ ಬಳಕೆಯ ದಿನವು ಇಂದಿಗಿಂತ ಹಲವು ವರ್ಷ ಮುಂದಿದೆ! ಇನ್ನೂ ಬಾರದ ದಿನದಲ್ಲಿ ಬರೆದ ಬರಹವೆಂದರೆ ಏನೋ ಅಚಾತುರ್ಯವಾಗಿದೆ ಎಂದು ಬಗೆದು, ಮನುಷ್ಯನೇ ಬಂದು ನೋಡಲಿ ಎಂದು ಅದು ಕೈಕಟ್ಟಿ ನಿಂತಿತು.

ಯೋಚಿಸಿ ನೋಡಿದರೆ ಆ ಕ್ರಮವಿಧಿಯ ನಡತೆಯಲ್ಲಿ ತಪ್ಪೇನೂ ಇಲ್ಲ. ನಾಳೆಯ ತಾರೀಖು ಹಾಕಿದ ರಸೀದಿಯನ್ನು ತಂದುಕೊಟ್ಟರೆ ಬ್ಯಾಂಕಿನ ಗುಮಾಸ್ತರು ಸಂಶಯಪಡುವುದಿಲ್ಲವೆ? ಸಂಶಯವು ಸರಿ, ಆದರೆ ತಪ್ಪು ರಸೀದಿಯಲ್ಲಿ ಇರಲಿಲ್ಲ, ಗುಮಾಸ್ತರ ಕ್ಯಾಲೆಂಡರಿನಲ್ಲಿ ಇತ್ತು. ಡಿಸ್ಕು ಸತ್ಯವನ್ನೇ ಹೇಳುತ್ತಿತ್ತು. ಸುಳ್ಳು ಹೇಳುತ್ತಿದ್ದುದು ಗಡಿಯಾರ. ಆದರೂ ಅಳಿಸಿಹೋಗುವ ಶಿಕ್ಷೆ ಡಿಸ್ಕಿಗೇ ಬರುವುದರಲ್ಲಿತ್ತು.

ನಾವು ಮಾಡಿದುದು ಇಷ್ಟೆ. ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿದೊಡನೆಯೇ ಡಿಲೀಟ್ ಕೀಲಿಯನ್ನು ಒತ್ತುತ್ತ ಬಯಾಸ್ ಎಂಬ ಆರಂಭಿಕ ವ್ಯವಸ್ಥೆಯ ಪುಟವನ್ನು ತೆರೆದೆವು. ಕೆಲವು ಯಂತ್ರಗಳಲ್ಲಿ ಇದಕ್ಕೆ ಎಫ್–೨ ಎಂಬ ಕೀಲಿಯನ್ನು ಒತ್ತಬೇಕಾಗುತ್ತದೆ. ಹುಡುಗಿಯು ಗೋಡೆಯ ಗಡಿಯಾರವನ್ನು ನೋಡಿ ಅಂದಿನ ತಾರೀಖನ್ನೂ ಸಂಜೆ ೭ ಗಂಟೆಯೆಂಬುದನ್ನೂ ತುಂಬಿ, ಅದನ್ನು ಉಳಿಸಿ ಹೊರಬಂದಳು. ಯಂತ್ರವು ಗೊಣಗದೆ ಎದ್ದಿತು. ಗಾದೆಗಳೂ ಪದಗಳೂ ಇದ್ದಲ್ಲಿಯೇ ಇದ್ದುವು. ಹಿರಿಯರು ಕನ್ನಡಕವನ್ನು ಒರೆಸಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸುಮ್ಮನೆ ಸರಿಸುತ್ತ ಕುಳಿತರು.

ಅಷ್ಟರಲ್ಲಿ ಹುಡುಗಿಯು ಮತ್ತೊಂದು ವಿಚಿತ್ರವನ್ನು ಕಂಡಳು. ತಾನು ೭ ಗಂಟೆಯೆಂದು ತುಂಬಿದ್ದರೂ ತೆರೆಯ ಮೂಲೆಯಲ್ಲಿ ಮಧ್ಯರಾತ್ರಿ ಕಳೆದು ೧೨ ಗಂಟೆ ೩೦ ನಿಮಿಷವಾಗಿತ್ತು. ತಾರೀಖೂ ಮರುದಿನದ್ದಾಗಿತ್ತು. "ಮತ್ತ ತಪ್ಪಾತೇನು?" ಎಂದು ಅವಳು ಗಾಬರಿಯಾದಳು. ತಪ್ಪಾಗಿರಲಿಲ್ಲ, ಎರಡು ಬಗೆಯ ಲೆಕ್ಕಗಳು ಒಂದಕ್ಕೊಂದು ತಗುಲಿದ್ದುವು. ವ್ಯತ್ಯಾಸವು ಸರಿಯಾಗಿ ಐದೂವರೆ ಗಂಟೆ. ಈ ಐದೂವರೆ ಗಂಟೆಯ ಕಥೆಯು ಸ್ವಾರಸ್ಯವಾದುದು.

ಭೂಮಿಯು ತನ್ನ ಸುತ್ತ ತಿರುಗುವಾಗ ಒಂದು ರೇಖಾಂಶವನ್ನು ದಾಟಲು ೪ ನಿಮಿಷಗಳು ಬೇಕು. ಹೈದರಾಬಾದು ಸುಮಾರು ೭೮.೫ ಡಿಗ್ರಿ ಪೂರ್ವರೇಖಾಂಶದಲ್ಲಿದೆ. ಭಾರತೀಯ ಪ್ರಮಾಣಕಾಲಕ್ಕೆ ಆಧಾರವಾದುದು ೮೨.೫ ಡಿಗ್ರಿಯ ರೇಖೆ. ನಡುವೆ ೪ ಡಿಗ್ರಿಗಳು. ಆದುದರಿಂದ ವರ್ಷದ ಸರಾಸರಿಯಲ್ಲಿ ನಮ್ಮ ಊರಿನ ನಡುಹಗಲು ಗಡಿಯಾರದ ಹನ್ನೆರಡಕ್ಕಿಂತ ೧೬ ನಿಮಿಷ ತಡವಾಗಿ ಬರುತ್ತದೆ. ಹಿಂದೆ ಊರೂರಿಗೂ ಅದರದರ ಹೊತ್ತಿತ್ತು. ರೈಲುಗಳು ಬಂದ ಮೇಲೆ ಇದು ನಡೆಯದಾಯಿತು. ೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ರೈಲುಹಾದಿ ತೆರೆಯಿತು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಈ ನಗರಕ್ಕೆ ಬಂದುದು ಅದೇ ಹಾದಿಯಲ್ಲಿ. ಹೊರಡುವ ಊರಿಗೊಂದು ಹೊತ್ತು, ಸೇರುವ ಊರಿಗೊಂದು ಹೊತ್ತು ಎಂದಾದರೆ ವೇಳಾಪಟ್ಟಿಯನ್ನು ಬರೆಯುವುದೆಂತು? ಅಂದಿನ ರೈಲುಗಳು ಮದರಾಸಿನ ವೇಧಶಾಲೆಯ ಹೊತ್ತನ್ನು ಅನುಸರಿಸಿದುವು. ೧೯೦೬ರ ಜನವರಿ ೧ರಿಂದ ಇಡೀ ದೇಶಕ್ಕೆ ಒಂದೇ ಪ್ರಮಾಣಕಾಲವೆಂದು ಗೊತ್ತಾಯಿತು. ೮೨.೫ ಡಿಗ್ರಿಯನ್ನು ೪ ನಿಮಿಷಗಳಿಂದ ಗುಣಿಸಿರಿ: ೩೩೦ ನಿಮಿಷ, ಅಂದರೆ ಐದೂವರೆ ಗಂಟೆ. ಇಂಗ್ಲೆಂಡಿನ ಗ್ರೀನಿಚ್ಚಿಗಿಂತ ನಾವು ಇಷ್ಟು ಮುಂದಿದ್ದೇವೆ.

ಈಗ ಯಂತ್ರದ ಕಡೆಗೆ ತಿರುಗೋಣ. ವಿಂಡೋಸ್ ವ್ಯವಸ್ಥೆಯು ಫಲಕದ ಗಡಿಯಾರದಲ್ಲಿ ನಮ್ಮ ದೇಶದ ಹೊತ್ತನ್ನೇ ಇರಿಸುವುದು ರೂಢಿ. ಲಿನಕ್ಸ್ ವ್ಯವಸ್ಥೆಯು ಸಾಮಾನ್ಯವಾಗಿ ಅಲ್ಲಿ ಗ್ರೀನಿಚ್ಚಿನ ಹೊತ್ತಿಗೆ ಸಮನಾದ ವಿಶ್ವಕಾಲವನ್ನು ಇರಿಸಿ, ನಮಗೆ ತೋರಿಸುವಾಗ ಐದೂವರೆ ಗಂಟೆಯನ್ನು ಕೂಡಿಸುತ್ತದೆ. ಹುಡುಗಿಯು ತುಂಬಿದ ೭ ಗಂಟೆಯನ್ನು ಲಿನಕ್ಸ್ ವಿಶ್ವಕಾಲವೆಂದು ತಿಳಿದು, ಅದಕ್ಕೆ ಐದೂವರೆಯನ್ನು ಕೂಡಿಸಿತು. ಒಂದೇ ಯಂತ್ರದಲ್ಲಿ ಈ ಎರಡು ವ್ಯವಸ್ಥೆಗಳನ್ನೂ ಇಟ್ಟುಕೊಂಡವರ ಮನೆಗಳಲ್ಲಿ ಈ ಜಗಳವು ದಿನದಿನವೂ ನಡೆಯುವುದುಂಟು. ಒಂದು ತಿದ್ದಿದುದನ್ನು ಇನ್ನೊಂದು ಕೆಡಿಸುತ್ತದೆ. ಎರಡರಲ್ಲಿ ಒಂದಕ್ಕೆ ಇನ್ನೊಂದರ ಪದ್ಧತಿಯನ್ನು ಕಲಿಸುವುದೇ ಇದಕ್ಕೆ ಮದ್ದು. ಅಂತರವು ಸರಿಯಾಗಿ ಐದೂವರೆ ಗಂಟೆಯೆಂದು ಕಂಡರೆ ಸೆಲ್ಲನ್ನು ದೂಷಿಸಬೇಡಿರಿ. ಈ ತೊಡಕು ಬಹುಮಂದಿಗೆ ಬರುವುದರಿಂದಲೇ, ಡಿಸ್ಕನ್ನು ಪರೀಕ್ಷಿಸುವ ಕ್ರಮವಿಧಿಯ ಈಚಿನ ಆವೃತ್ತಿಗಳು ಒಂದು ದಿನಕ್ಕಿಂತ ಕಡಿಮೆ ಅಂತರವನ್ನು ಕಂಡಾಗ, ಗಡಿಯಾರವೇ ತಪ್ಪಿರಬೇಕೆಂದು ಊಹಿಸಿ, ನಿಲ್ಲದೆ ಮುಂದುವರಿಯುತ್ತವೆ.

ಮನೆಯ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಿದ ಕೆಲವೇ ಕ್ಷಣಗಳಲ್ಲಿ ಗಂಟೆಯು ತಾನಾಗಿ ಸರಿಹೋಯಿತು. ಇದಕ್ಕೆ ಕಾರಣ, ಅಮೆರಿಕದ ಡೇವಿಡ್ ಮಿಲ್ಸ್ ಎಂಬುವರು ೧೯೮೫ರಲ್ಲಿ ಪ್ರಕಟಿಸಿದ ಒಂದು ಪದ್ಧತಿ. ದೂರದ ನಂಬಿಗಸ್ತ ಯಂತ್ರವನ್ನು ಹೊತ್ತೆಷ್ಟೆಂದು ಕೇಳಿ, ಪ್ರಶ್ನೆ ಹೋಗಿ ಉತ್ತರ ಬರುವಲ್ಲಿ ಕಳೆದ ಕಾಲವನ್ನೂ ಲೆಕ್ಕಹಾಕಿ, ತನ್ನ ಗಡಿಯಾರವನ್ನು ತಿದ್ದಿಕೊಳ್ಳುವ ಉಪಾಯವಿದು. ನಮ್ಮ ದೇಶದ ಪ್ರಮಾಣಕಾಲವನ್ನು ಕಾಯುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಲ್ಲಿರುವುದು ಸೀಸಿಯಮ್ ಪರಮಾಣುವಿನ ಗಡಿಯಾರಗಳು. ಸೀಸಿಯಮ್ ಪರಮಾಣುವಿನ ೯,೧೯೨,೬೩೧,೭೭೦ ಸ್ಪಂದನಗಳನ್ನು ಒಂದು ಸೆಕೆಂಡು ಎಂದು ೧೯೬೭ರಲ್ಲಿ ಜಗತ್ತು ಒಪ್ಪಿಕೊಂಡಿತು. ನಮ್ಮ ನೆರೆಯ ಇ.ಸಿ.ಐ.ಎಲ್. ಹುಟ್ಟಿದುದೂ ಅದೇ ವರ್ಷದಲ್ಲಿ.

ಅಂತರ್ಜಾಲವಿದ್ದ ಮೇಲೆ ಸೆಲ್ಲಿನ ಚಿಂತೆಯೇಕೆ ಎಂದು ಕೆಲವರು ಕೇಳಬಹುದು. ಹೊತ್ತು ಬಹಳ ತಪ್ಪಿದ ಯಂತ್ರಕ್ಕೆ ಅಂತರ್ಜಾಲವೇ ಬಾಗಿಲು ತೆರೆಯದೆ ಇರುವುದುಂಟು. ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ ಮೊದಲಾದುವನ್ನು ತುಂಬುವ ಜಾಲತಾಣಗಳು ತಮ್ಮ ಗುರುತಿಗಾಗಿ ಒಂದು ಪ್ರಮಾಣಪತ್ರವನ್ನು ತೋರಿಸುತ್ತವೆ. ಇಂತಹ ದಿನದಿಂದ ಇಂತಹ ದಿನದವರೆಗೆ ಎಂದು ಅದಕ್ಕೊಂದು ಅವಧಿಯುಂಟು. ೨೦೦೯ರಲ್ಲಿ ನಿಂತಿರುವ ಯಂತ್ರಕ್ಕೆ ಇಂದಿನ ಪ್ರಮಾಣಪತ್ರವು ಇನ್ನೂ ಹುಟ್ಟದ ಪತ್ರವಾಗಿ ಕಾಣುತ್ತದೆ. ಈ ತಾಣವು ನಂಬಲು ಅರ್ಹವಲ್ಲವೆಂದು ಅದು ಕೈಮುಗಿದುಬಿಡುತ್ತದೆ. ಅರ್ಜಿಯ ಕೊನೆಯ ದಿನ ಹೀಗಾದರೆ ಆಗುವ ನಷ್ಟವು ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಅಲ್ಲದೆ ಅಂತರವು ಹಲವು ಗಂಟೆಗಳನ್ನು ಮೀರಿದರೆ, ತಾನಾಗಿ ತಿದ್ದಿಕೊಳ್ಳಲು ಒಪ್ಪದೆ ಮನುಷ್ಯನ ಕೈಗೇ ಬಿಡುವ ವ್ಯವಸ್ಥೆಗಳೂ ಇವೆ.

ಇಷ್ಟನ್ನು ತಿಳಿದ ಮೇಲೆ, ಯಂತ್ರವು ಏಳದಿದ್ದಾಗ ಯಾವ ಕ್ರಮದಲ್ಲಿ ವಿಚಾರಿಸಬೇಕೆಂಬುದನ್ನು ಹೇಳುತ್ತೇವೆ.

ಮೊದಲನೆಯದಾಗಿ, ತೆರೆಯ ಮೇಲಿನ ಬರಹವನ್ನು ಪೂರ್ತಿಯಾಗಿ ಓದಿ ಕಾಗದದ ಮೇಲೆ ಬರೆದುಕೊಳ್ಳಿರಿ. ದಿನಾಂಕ, ಕಾಲ, ಗಡಿಯಾರ, ಸೆಲ್ಲು ಎಂಬರ್ಥದ ಮಾತುಗಳು ಅದರಲ್ಲಿ ಇವೆಯೇ ಎಂದು ನೋಡಿರಿ. ಹೌದೋ ಅಲ್ಲವೋ ಎಂದು ಯಂತ್ರವು ಕೇಳಿದರೆ ಅರ್ಥ ತಿಳಿಯದೆ ಹೌದೆನ್ನಬೇಡಿರಿ. ಅಳಿಸುವ ಮಾತು ಬಂದರಂತೂ ಕೈಯನ್ನು ಹಿಂದೆಗೆಯಿರಿ.

ಎರಡನೆಯದಾಗಿ, ಬಯಾಸ್ ಪುಟವನ್ನು ತೆರೆದು ತಾರೀಖನ್ನು ನೋಡಿರಿ. ಹಲವು ವರ್ಷ ಹಿಂದಿನ ಜನವರಿ ೧ ಎಂದಿದ್ದರೆ ಸೆಲ್ಲನ್ನು ಸಂಶಯಿಸಬೇಕು. ಲಿನಕ್ಸ್ ಮೊದಲಾದ ವ್ಯವಸ್ಥೆಗಳು ೧೯೭೦ರ ಜನವರಿ ೧ರಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತವೆ. ಎಣಿಕೆಯು ಸೊನ್ನೆಗೆ ಬಿದ್ದರೆ ನಮ್ಮ ದೇಶದಲ್ಲಿ ಅದು ಅಂದಿನ ಬೆಳಗಿನ ಐದೂವರೆ ಗಂಟೆಯಾಗಿ ಕಾಣುತ್ತದೆ. ಆ ಐದೂವರೆಯ ಅರ್ಥವು ಈಗ ನಿಮಗೆ ತಾನಾಗಿ ಹೊಳೆಯಬೇಕು.

ಮೂರನೆಯದಾಗಿ, ತಾರೀಖನ್ನು ಸರಿಪಡಿಸಿ ಯಂತ್ರವನ್ನು ಎಬ್ಬಿಸಿರಿ. ಎದ್ದರೆ, ಬೇರೆ ಯಾವ ಕೆಲಸಕ್ಕೂ ಮೊದಲು ಮುಖ್ಯವಾದ ಬರಹಗಳ ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆದಿಡಿರಿ. ತಾರೀಖು ಸರಿಯಾದರೂ ಯಂತ್ರವು ಡಿಸ್ಕನ್ನೇ ಕಾಣೆನೆಂದರೆ ಧೈರ್ಯಗೆಡಬೇಡಿರಿ. ಹಳೆಯ ಫಲಕಗಳಲ್ಲಿ ಸೆಲ್ಲು ಗಡಿಯಾರವನ್ನು ಮಾತ್ರವಲ್ಲದೆ ಬಯಾಸ್ ಪುಟದ ಏರ್ಪಾಟುಗಳನ್ನೂ ಕಾಪಾಡುತ್ತದೆ. ಸೆಲ್ಲು ಸೋತಾಗ ಯಾವ ಡಿಸ್ಕಿನಿಂದ ಏಳಬೇಕೆಂಬುದೂ ಮರೆತುಹೋಗಬಹುದು. ಆ ಏರ್ಪಾಟುಗಳನ್ನು ಹಿಂದಿನಂತೆ ಮಾಡಿದರೆ ಡಿಸ್ಕು ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದಾಗಿ, ಯಂತ್ರವನ್ನು ಆರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಒಂದು ರಾತ್ರಿ ಬಿಟ್ಟು ನೋಡಿರಿ. ಮರುದಿನ ತಾರೀಖು ಮತ್ತೆ ಹಿಂದೆ ಓಡಿದ್ದರೆ ಸೆಲ್ಲು ತೀರಿದೆಯೆಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಹೊತ್ತು ಉಳಿದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಐದನೆಯದಾಗಿ, ಸೆಲ್ಲನ್ನು ಬದಲಿಸಿರಿ. ಇದನ್ನು ಮನೆಯ ಹಿರಿಯರ ಎದುರಿನಲ್ಲಿಯೇ ಮಾಡತಕ್ಕದ್ದು. ಬಯಾಸ್ ಪುಟದ ಏರ್ಪಾಟುಗಳನ್ನು ಮೊದಲೇ ಬರೆದಿಟ್ಟುಕೊಂಡು, ಗೋಡೆಯಿಂದ ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿರಿ. ಹಳೆಯ ಸೆಲ್ಲು ಕುಳಿತಿರುವ ರೀತಿಯನ್ನು ನೋಡಿಕೊಳ್ಳಿರಿ. ಸಾಮಾನ್ಯವಾಗಿ ಕೂಡುವ ಗುರುತಿನ ಮುಖವು ಮೇಲಿರುತ್ತದೆ. ಪಕ್ಕದ ಕೊಂಡಿಯನ್ನು ಮೆಲ್ಲಗೆ ಒತ್ತಿದರೆ ಸೆಲ್ಲು ಮೇಲೇಳುತ್ತದೆ. ಮಡಿಸುವ ಕಂಪ್ಯೂಟರುಗಳಲ್ಲಿ ಸೆಲ್ಲು ತಂತಿಯೊಡನೆ ಒಳಗೆ ಅಡಗಿರುವುದುಂಟು. ಅವನ್ನು ತಿಳಿದವರೇ ಬಿಚ್ಚಲಿ. ತೆಗೆದ ಸೆಲ್ಲನ್ನು ಎಳೆಯ ಮಕ್ಕಳಿಗೆ ಸಿಕ್ಕದಂತೆ ಇಡಬೇಕು. ಮಗುವು ಅದನ್ನು ನುಂಗಿದರೆ ಎರಡು ಗಂಟೆಗಳೊಳಗೇ ಅನ್ನನಾಳವು ಸುಟ್ಟು ಪ್ರಾಣಾಪಾಯವಾಗಬಹುದು; ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸೆಲ್ಲನ್ನು ಅಡುಗೆಮನೆಯ ಕಸಕ್ಕೆ ಹಾಕದೆ ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಕೊಡುವುದು ಉಚಿತ.

ಮಲ್ಕಾಜ್‌ಗಿರಿಯ ಮನೆಯಲ್ಲಿ ಮರುದಿನ ಹೊಸ ಸೆಲ್ಲು ಕುಳಿತಿತು. ಅದರ ಬೆಲೆ ಒಂದು ಹೊತ್ತಿನ ತಿಂಡಿಯಷ್ಟೂ ಇರಲಿಲ್ಲ. ಡಿಸ್ಕನ್ನು ಅಳಿಸಲು ಬಂದವರನ್ನು ಹಿರಿಯರು ಚಹ ಕೊಟ್ಟು ಕಳುಹಿಸಿದರು. ಅವರಲ್ಲಿಯೂ ದುರುದ್ದೇಶವಿತ್ತೆಂದು ನಾವು ಹೇಳುವುದಿಲ್ಲ. ದಿನಕ್ಕೆ ಹತ್ತು ಯಂತ್ರಗಳನ್ನು ನೋಡುವವರಿಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬುವುದೇ ಹತ್ತಿರದ ಹಾದಿಯಾಗಿ ತೋರುತ್ತದೆ. ಆದರೆ ಆ ಹಾದಿಯಲ್ಲಿ ಹೋಗಿದ್ದರೆ ಪದಗಳೂ ಉಳಿಯುತ್ತಿರಲಿಲ್ಲ, ರೋಗವೂ ವಾಸಿಯಾಗುತ್ತಿರಲಿಲ್ಲ. ಮತ್ತೆ ಸ್ವಿಚ್ಚನ್ನು ಆರಿಸಿದ ದಿನ ಯಂತ್ರವು ಪುನಃ ೨೦೦೯ಕ್ಕೇ ಓಡುತ್ತಿತ್ತು.

ಈಗ ಆ ಸಂಗ್ರಹದ ಮೂರು ಪ್ರತಿಗಳಿವೆ: ಯಂತ್ರದಲ್ಲೊಂದು, ಪೆನ್ ಡ್ರೈವಿನಲ್ಲೊಂದು, ಕಲಬುರಗಿಯ ಬಂಧುಗಳ ಮನೆಯಲ್ಲೊಂದು. ಹಳೆಯ ಸೆಲ್ಲನ್ನು ತ್ಯಾಜ್ಯದವರಿಗೆ ಕೊಡುವ ಮುನ್ನ ಹುಡುಗಿಯು ಹೊಸದನ್ನು ಹಾಕಿದ ದಿನಾಂಕವನ್ನು ಚೀಟಿಯೊಂದರಲ್ಲಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿದ್ದಾಳೆ. ಮುಂದೆ ಯಾರಾದರೂ ಅದನ್ನು ತೆರೆದಾಗ ಸೆಲ್ಲಿನ ವಯಸ್ಸು ತಿಳಿಯಲೆಂಬುದು ಅವಳ ಯೋಚನೆ. ನಮ್ಮ ಓದುಗರೂ ಇಂದು ಸಂಜೆ ತಮ್ಮ ಮನೆಯ ಅಥವಾ ಶಾಲೆಯ ಯಂತ್ರವನ್ನು ಹಚ್ಚುವಾಗ ಅದರ ತಾರೀಖನ್ನು ಒಮ್ಮೆ ಗೋಡೆಯ ಕ್ಯಾಲೆಂಡರಿಗೆ ಹೋಲಿಸಿ ನೋಡಲಿ. ದೊಡ್ಡದೊಂದು ಕೆಟ್ಟಿದೆಯೆಂದು ತೀರ್ಪು ಕೊಡುವ ಮುನ್ನ ಚಿಕ್ಕದನ್ನು ವಿಚಾರಿಸುವುದು ಗಣಕಯಂತ್ರದ ವಿಷಯದಲ್ಲಿ ಮಾತ್ರವೇ ಸಲ್ಲುವ ಮಾತಲ್ಲ.